ಸರ್ಕಾರದ ಮೀನು

ತಕ್ಕಡಿ ತಟ್ಟೆಯ ಮೇಲೆ ಅಳತೆಪಟ್ಟಿ ಇಟ್ಟದ್ದಕ್ಕೆ
ಮೊದಲ ದಿನ ಗುತ್ಯಮ್ಮ ಮುಖ ತಿರುಗಿಸಿ ಕೂತಿದ್ದಳು.
ಈಗ ತಾನೇ ಬಾಲ ಹಿಡಿದು ನೆಟ್ಟಗೆ ಮಾಡಿಕೊಡುತ್ತಾಳೆ.
ಬೆಳಗಿನ ಆರೂವರೆ, ಶರಾವತಿ ಹಿನ್ನೀರು.
ಕಡವಿನ ಕಲ್ಲಿನ ಮೇಲೆ ಬಾಳೆಮೀನು ಎರಡು, ಹರಗಿ ಏಳು,
ಜಿಲೇಬಿ ಯಾರಿಗೂ ಬೇಡದಷ್ಟು.
"ಲೆಕ್ಕದಕ್ಕ ಬಂತು" ಎಂದು ಕೂಗುತ್ತದೆ
ಇನ್ನೂ ದಡ ಮುಟ್ಟದ ಹರಿಗೋಲು.

ಈ ಕೆಲಸ ಕಲಿತದ್ದು ಘಟ್ಟದ ಕೆಳಗೆ,
ಇದೇ ಹೊಳೆ ಉಪ್ಪಾಗುವ ಕಡೆ,
ಕಾಂಡ್ಲದ ಬೇರುಗಳ ನಡುವೆ, ಮೊಣಕಾಲುದ್ದ ಕೆಸರಲ್ಲಿ.
ಅಲ್ಲಿ ಮರ ನೀರಲ್ಲಿ ನಿಂತು ಬದುಕುತ್ತದೆ,
ಬೇರಿನ ಸಂದಿಯಲ್ಲಿ ಮರಿ ಸಾಕುತ್ತದೆ.
ಇಲ್ಲಿ ಮರ ನೀರಲ್ಲಿ ನಿಂತಿದೆ, ಅಷ್ಟೆ.
ಅಣೆಕಟ್ಟು ತುಂಬಿದ ವರ್ಷಕ್ಕೇ ಒಳಗಿನ ಸುತ್ತು ನಿಲ್ಲಿಸಿದ
ಬೋಳು ಮತ್ತಿ, ಬೋಳು ನಂದಿ,
ತುದಿಯಲ್ಲಿ ರೆಕ್ಕೆ ಒಣಗಿಸುವ ನೀರುಕಾಗೆ.

ಮೀನಿಗೂ ಸುತ್ತು ಉಂಟು.
ತಲೆ ಸೀಳಿ ಚಿಮಟದಲ್ಲಿ ಕಿವಿಕಲ್ಲು ತೆಗೆದು
ದೀಪಕ್ಕೆ ಹಿಡಿದರೆ
ವರ್ಷಕ್ಕೊಂದು ಕಪ್ಪು ಗೆರೆ, ಒಂದು ಬಿಳಿ.
ಅಕ್ಕಿನುಚ್ಚಿನಷ್ಟು ಕಲ್ಲು.
ಬಂದ ಹೊಸತರಲ್ಲಿ ಆರು ಸುತ್ತಿನ ಹರಗಿ ಕಂಡಿದ್ದೆ.
ಈಗ ಎರಡು.
ಒಮ್ಮೊಮ್ಮೆ ಎರಡನೆಯದು ಮುಗಿದೇ ಇರುವುದಿಲ್ಲ.

ನವೆಂಬರಿನಲ್ಲಿ ಮುನ್ನೂರು ಹರಗಿಯ
ಎಡರೆಕ್ಕೆಯ ತುದಿ ಕತ್ತರಿಸಿ ನೀರಿಗೆ ಬಿಟ್ಟೆ.
ಉಗುರು ತೆಗೆದಷ್ಟೇ ನೋವು ಎನ್ನುತ್ತದೆ ಕೈಪಿಡಿ.
ಮೀನು ಏನೂ ಹೇಳಲಿಲ್ಲ.
ಜನವರಿಯಲ್ಲಿ ಕಡವಿಗೆ ಬಂದ ಹರಗಿ ಇನ್ನೂರು,
ರೆಕ್ಕೆ ಮೊಂಡಾದದ್ದು ಐದು.
ಮುನ್ನೂರನ್ನು ಇನ್ನೂರರಿಂದ ಗುಣಿಸು, ಐದರಿಂದ ಭಾಗಿಸು:
ಹನ್ನೆರಡು ಸಾವಿರ.
ಆ ರಾತ್ರಿ ಸಾಗರದ ರೂಮಿನಲ್ಲಿ
ಅಂಕಿಯ ಕೆಳಗೆ ಎರಡೆರಡು ಗೆರೆ ಎಳೆದೆ.
ಶಿವಮೊಗ್ಗದ ಕಚೇರಿಗೆ ಖುಷಿ,
ಇನ್ನೂ ಹತ್ತು ಲೈಸೆನ್ಸು ಕೊಡಬಹುದಂತೆ.

ಇವತ್ತು ಬಲೆ ಹೆಣೆಯುತ್ತ, ತಲೆಯೆತ್ತದೆ, ಗುತ್ಯಮ್ಮ:
"ಅಲ್ಲ ಮಾರಾಯ್ತಿ, ರೆಕ್ಕೆ ಕತ್ತರಿಸಿದ್ದು ಸರ್ಕಾರದ ಮೀನಲ್ವ?"
"ಯಾಕೆ?"
"ಬಲೆಗೆ ಬಿದ್ರೆ ವಾಪಸ್ ಬಿಡ್ತೀವಿ ನಾವು.
ಕೇಸು ಗೀಸು ಆದ್ರೆ ಓಡಾಡೋರು ಯಾರು?
ಕೆರಿಯ ಬಿಟ್ಟ, ಪುಟ್ಟಾಚಾರಿ ಅಳಿಯ ಬಿಟ್ಟ, ನಾ ನಾಲ್ಕು ಬಿಟ್ಟೆ.
ಎಲ್ಲಾ ಸೇರಿ ಹತ್ತಾದ್ರೂ ಆದೀತು."

ಚಾ ಆರಿತು.
ಚೀಟಿಯ ಹಿಂದೆ ಗುಣಿಸಿದೆ, ಹೊಡೆದು ಹಾಕಿ ಮತ್ತೆ ಗುಣಿಸಿದೆ.
ನಾಲ್ಕು ಸಾವಿರದ ಇನ್ನೂರು.
ಉಳಿದ ಏಳು ಸಾವಿರದ ಎಂಟುನೂರು
ಈ ನೀರಲ್ಲಿ ಎಂದೂ ಈಜಿರಲಿಲ್ಲ.
ನನ್ನ ನೋಟ್‌ಬುಕ್ಕಿನಲ್ಲಿ ಈಜಿದವು,
ಭಯ ಇಟ್ಟ ಮೊಟ್ಟೆಯಿಂದ ಹುಟ್ಟಿ.

ಹೇಳಿದೆ. ಅವಳು ಬಲೆಯ ಕಣ್ಣಿಗೆ ಬೆರಳು ತೂರಿಸಿ ನೋಡಿದಳು.
ಎರಡು ಹೋದವು.
"ನಮ್ಮತ್ತೆ ಬಲೇಲಿ ನಾಲ್ಕು ಬೆರಳು ಹೋಗ್ತಿತ್ತು.
ಮೀನು ಸಣ್ಣ ಆತು ಅಂತ ಕಣ್ಣು ಸಣ್ಣ ಮಾಡಿದ್ವೋ,
ಕಣ್ಣು ಸಣ್ಣ ಮಾಡಿದ್ವು ಅಂತ ಮೀನು ಸಣ್ಣ ಆತೋ,
ಅದನ್ನ ನಿನ್ನ ಪಟ್ಟೀಲಿ ಅಳಿ."

ಜೂನಿನಲ್ಲಿ ಹತ್ತುಮೀನು.
ತುಂಬಿದ ಹೊಟ್ಟೆ ಎಳೆದುಕೊಂಡು ಹಳ್ಳ ಹತ್ತುವಾಗ
ಬ್ಯಾಟರಿ, ಕತ್ತಿ ಹಿಡಿದು ಊರೇ ಕಾಯುತ್ತದೆ.
ಅವನ್ನೂ ಎಣಿಸಬೇಕು ನಾನು.
ಆ ಕತ್ತಲಲ್ಲಿ ಯಾರು ಎಷ್ಟು ನಿಜ ಹೇಳುತ್ತಾರೋ.

ಸಿಗ್ನಲ್ ಸಿಗುವುದು ಗುಡ್ಡದ ಮೇಲಿನ ಒಂದೇ ಬಂಡೆಯ ಹತ್ತಿರ.
ಹತ್ತಿದೆ. "ಸಾರ್, ಹನ್ನೆರಡು ಸಾವಿರ ತಪ್ಪು" ಎಂದೆ.
ಆ ಕಡೆ ಫ್ಯಾನಿನ ಸದ್ದು. ಆಮೇಲೆ,
"ರಿಪೋರ್ಟು ಮೇಲೆ ಹೋಗಿಬಿಟ್ಟಿದೆಯಲ್ಲಮ್ಮ."

ಕೆಳಗೆ ಹೊಸ ಹರಿಗೋಲು ದಡ ಮುಟ್ಟಿತು.
ಗುತ್ಯಮ್ಮ ಒಂದೊಂದೇ ಹರಗಿ ಎತ್ತಿ
ಎಡಮಗ್ಗುಲು ತಿರುಗಿಸಿ ನೋಡಿ ಬುಟ್ಟಿಗೆ ಹಾಕುತ್ತಿದ್ದಳು.
ಒಂದರ ಹತ್ತಿರ ನಿಂತಳು.
ಅಷ್ಟು ದೂರಕ್ಕೆ ರೆಕ್ಕೆ ಕಾಣಲಿಲ್ಲ ನನಗೆ.
ಗುಡ್ಡದ ಕಡೆ ಮುಖ ಮಾಡಿ
ಬೆರಳೆತ್ತಿದಳು: ಒಂದು.