ಮೂರು ಸೆಲ್ಲಿನ ಬ್ಯಾಟರಿ

ಮೈಸೂರಿನ ಈ ಬಾಡಿಗೆ ಮನೆಯಲ್ಲಿ
ದಿನ ಬಿಟ್ಟು ದಿನ ನೀರು, ರಾತ್ರಿ ಎರಡರ ಮೇಲೆ.
ನಲ್ಲಿ ತಿರುಗಿಸಿಟ್ಟೇ ಮಲಗುತ್ತೇನೆ.
ನೀರಿಗಿಂತ ಮೊದಲು ಗಾಳಿ ಬರುತ್ತದೆ
ಸಿಳ್ಳೆ ಹಾಕಿಕೊಂಡು, ಕೆಮ್ಮಿಕೊಂಡು.
ದಡಕ್ಕನೆ ಎದ್ದು ಕೂರುತ್ತೇನೆ:
ಜವರಜ್ಜಿ ಬಂದಳು.

ಅವಳು ಬರುತ್ತಿದ್ದುದೂ ಹಾಗೇ,
ಸದ್ದು ಮೊದಲು, ಆಳು ಆಮೇಲೆ.
ತಾತನ ದೊಡ್ಡ ಚಪ್ಪಲಿಯ ಟಪಟಪ,
ಹೆಗಲಿಗೆ ಸನಿಕೆ,
ಸೆರಗಿನೊಳಗೆ ಮೂರು ಸೆಲ್ಲಿನ ಬ್ಯಾಟರಿ.

ಎಲಿಯೂರಿನಾಚೆ ಏಳನೇ ತೂಬಿಗೆ
ತಾತ ನೀರುಗಂಟಿ.
ಅವನು ಸತ್ತು ತಿಂಗಳಾಗಿರಲಿಲ್ಲ,
ಹೊಸಬನ್ಯಾರೆಂದು ಊರು ಜಗಲಿಯಲ್ಲಿ ಕೂತು ಮಾತಾಡುತ್ತಿದ್ದರೆ
ಇವಳು ಹೋಗಿ ಹಲಗೆ ಎತ್ತಿ ಬಂದಿದ್ದಳಂತೆ.
"ಹೆಂಗ್ಸು ನೀರು ಕಟ್ಟಿರೆ ಬೆಳೆ ಆಯ್ತದಾ?"
ಅಂದ ಪಟೇಲರ ಮಗನಿಗೆ
"ನಿಂದು ಹನ್ನೊಂದು ಗಂಟೆ ಪಾಳಿ.
ಬಂದ್ರೆ ಬಾ, ಬರ್ದಿದ್ರೆ ಮುಂದ್ಕೆ ಬುಡ್ತೀನಿ."
ಹತ್ತೂಮುಕ್ಕಾಲಿಗೇ ಬಂದು ನಿಂತಿದ್ದನಂತೆ.

ಗಡಿಯಾರ ಕಟ್ಟಿದವಳಲ್ಲ.
ಸಕ್ಕರೆ ಫ್ಯಾಕ್ಟರಿಯ ಸೈರನ್ನು ಕೂಗಿದರೆ ಹತ್ತು,
ಗೂಡ್ಸು ರೈಲು ಎಲಿಯೂರು ಬಿಟ್ಟರೆ ಒಂದು,
ಬೆಳ್ಳಿ ಮೂಡಿದರೆ ಚಿಕ್ಕೇಗೌಡರ ಗದ್ದೆ ಮುಗಿಯಿತು.
ಓದು ಬಾರದು.
ಅಡಿಗೆಮನೆಯ ಮಸಿಗೋಡೆ ತುಂಬ ಸುಣ್ಣದ ಗುರುತು:
ಕುಂಟ ನಂಜನಿಗೆ ಓರೆ ಗೆರೆ,
ಜಗಳಗಂಟಿ ಸಾಕವ್ವನಿಗೆ ಚೇಳು,
ಹೆತ್ತ ಮಗನಿಗೆ, ನಮ್ಮಪ್ಪನಿಗೆ,
ಬರೀ ಒಂದು ಚುಕ್ಕೆ, ಅದೂ ತೀರಾ ಕೆಳಗೆ.
ಹಬ್ಬಕ್ಕೆಂದು ಅಮ್ಮ ಗೋಡೆ ಬಳಿಯಲು ಹೋದಾಗ
"ಊರ್‍ನೇ ಅಳಿಸ್ಬುಡ್ತೀಯಲ್ಲವ್ವ" ಎಂದು
ಮೂರು ದಿನ ಮಾತು ಬಿಟ್ಟಿದ್ದಳು.

ಒಳ್ಳೆಯವಳೆಂದು ಬರೆಯಲಾರೆ.
ಬೈದರೆ ನಾಯಿ ಕೂಡ ಬಾಲ ಮಡಚಿ ಎದ್ದು ಹೋಗುತ್ತಿತ್ತು.
ಬೆಲ್ಲ ಬಚ್ಚಿಡುತ್ತಿದ್ದಳು, ಇಟ್ಟ ಜಾಗ ಮರೆತು
ನಮ್ಮ ಮೇಲೆ ಹೇರುತ್ತಿದ್ದಳು.
ಆದರೆ ಕನ್ನಂಬಾಡಿಯಲ್ಲಿ ಬಾಗಿಲೆತ್ತಿದರೆ
ನಾಲೆಯಲ್ಲಿ ಹನಿ ಕಾಣುವ ಮೊದಲೇ ಅವಳ ಮೂಗಿಗೆ ಗೊತ್ತು.
ಮುದ್ದೆ ತಿರುವುತ್ತಿದ್ದವಳು ಕೋಲು ನಿಲ್ಲಿಸಿ
"ಬುಟ್ರು ಕಣವ್ವ" ಅನ್ನುವಳು.
ನಾನೂ ಮೂಸುತ್ತಿದ್ದೆ.
ನನಗೆ ತಳ ಸೀದ ರಾಗಿಯ ವಾಸನೆ, ಅಷ್ಟೇ.

ಏಳು ವರ್ಷದವಳನ್ನು ಒಂದು ರಾತ್ರಿ ಕರೆದೊಯ್ದಳು.
ಬದುವಿನ ಮೇಲೆ ಗೋಣಿ ಹಾಸಿ ಕೂರಿಸಿ
ಬ್ಯಾಟರಿ ಕೈಗಿಟ್ಟು ಹೇಳಿದಳು:
"ಹಾವು ಬಂದ್ರೆ ಹತ್ಸು,
ಮನ್ಸ ಬಂದ್ರೆ ಆರ್ಸು."
ಬಹಳ ಹೊತ್ತು ಯಾವುದೂ ಬರಲಿಲ್ಲ.
ಹೊಗೆಸೊಪ್ಪು ಉಗಿದು, ಕೇಳದಿದ್ದರೂ ತಾನೇ ಅಂದಳು:
"ಒಂದೇ ಒಂದ್ ಸಲ ನೀರು ಕದ್ದಿವ್ನಿ ಕಣೆ.
ನಿಮ್ ತಾತ ಇದ್ದಾಗ್ಲೇ.
ಗೂಡ್ಸು ಹೋದ್ಮೇಲೆ, ಬೆಳ್ಳಿ ಮೂಡೋಗಂಟ."
"ಯಾರ ಗದ್ದೆಗಜ್ಜಿ?"
ತೂಬಿನ ಕಡೆ ನೋಡಿದಳು. ನೀರು ಹೋಗುತ್ತಲೇ ಇತ್ತು.
"ಕೊನೇ ಗದ್ದೆಗೆ" ಅಂದವಳು
ನನ್ನ ಕೈಯಿಂದ ಬ್ಯಾಟರಿ ತೆಗೆದು ಆರಿಸಿದಳು.

ಅವಳ ಹನ್ನೊಂದರ ದಿನ
ಕೊನೆಗದ್ದೆಯ ಮಂಚಯ್ಯ ಬಂದ.
ಎಂಬತ್ತು ದಾಟಿದ ಬೆನ್ನು, ಕೈಯಲ್ಲಿ ಚೊಂಬು.
ಪಂಕ್ತಿಗೆ ಕರೆದರೂ ಕೂರಲಿಲ್ಲ.
ಗುಡ್ಡೆಯ ಮೇಲೆ ನೀರು ಸುರಿದು
ಅದು ಹರಿದು ಹೋಗದ ಹಾಗೆ
ಕೈಯಿಂದ ಮಣ್ಣು ಎಳೆದು
ಗೇಣುದ್ದದ ಬದು ಕಟ್ಟಿದ.
ಇಂಗುವ ತನಕ ಕುಕ್ಕರುಗಾಲಲ್ಲಿ ಕೂತಿದ್ದು
ಪಾಳಿ ಮುಗಿದವನಂತೆ ಎದ್ದು ಹೋದ.
ಅಪ್ಪ ಏನೋ ಕೇಳಲು ಬಾಯಿ ತೆರೆದವನು
ನನ್ನನ್ನು ನೋಡಿ ಸುಮ್ಮನಾದ.
ನಾನು ನೆಲ ನೋಡಿದೆ.

ಬ್ಯಾಟರಿ ಈಗ ನನ್ನಲ್ಲಿದೆ.
ಸೆಲ್ಲು ಸೋರಿ ಸ್ಪ್ರಿಂಗಿಗೆ ಹಸಿರು ಕಟ್ಟಿದೆ.
ಗುಂಡಿ ಒತ್ತುತ್ತೇನೆ, ಹತ್ತುವುದಿಲ್ಲ.
ನಲ್ಲಿ ಸಿಳ್ಳೆ ನಿಲ್ಲಿಸಿ ನೀರು ಕೊಡುತ್ತಿದೆ.
ಎರಡು ಬಕೆಟ್ಟಾಯಿತು, ಡ್ರಮ್ಮು ಇನ್ನೂ ಅರ್ಧ.
ನಾನು ನಿಲ್ಲಿಸಿದರೆ ಮಾತ್ರ
ಮಹಡಿ ಮೇಲಿನ ಮನೆಗೆ ಏರುತ್ತದೆ.
ಮೇಲೆ ಯಾರೋ ಎದ್ದು ಓಡಾಡುವ ಸದ್ದು.
ಕತ್ತಲಲ್ಲಿ ನಿಂತಿದ್ದೇನೆ,
ನಲ್ಲಿಯ ಮೇಲೆ ಕೈ.