ಅಸ್ತರು

ಹತ್ತೂಮುಕ್ಕಾಲಿಗೆ ಕರೆಂಟು ಬಂತು.
ಕೌಲ್‌ಬಜಾರಿನ ನಮ್ಮ ಶೆಡ್ಡಿನ ಮೂವತ್ತು ಮಷೀನೂ ಗುರ್ರೆಂದವು.
ಎದುರಿನ ಎರ್ರಿಸ್ವಾಮಿ ಮಾತ್ರ ಪೆಡಲು ಒತ್ತಲಿಲ್ಲ.
"ಬೆನ್ನಾಗ ಏನೋ ಪರ್ರಂತ ಹರೀತು, ತಿಪ್ಪಕ್ಕಾ" ಅಂದ.
ಹರಿಯುವುದೆಂದರೇನು ಬಲ್ಲವನು,
ಇಪ್ಪತ್ತಾರು ವರ್ಷ ಜೀನ್ಸಿನೊಡನೆ ಗುದ್ದಾಡಿದವನು.

ಆಮೇಲೆ ಬಲಗೈಯಿಂದ ಕತ್ತರಿ ಜಾರಿತು.
ಬಾಯಿ ತೆರೆದ, ತುಟಿ ಆಡಿದವು,
ನೂಲು ಮುಗಿದದ್ದು ಗೊತ್ತಿಲ್ಲದೆ ಸೂಜಿ ಓಡುವ ಹಾಗೆ:
ತೂತು ಬೀಳುತ್ತದೆ, ಹೊಲಿಗೆ ಬೀಳುವುದಿಲ್ಲ.

ಲಕ್ವ ಅಂದರು. ಪಾರಿವಾಳ ತರ್ತೀನಿ ಅಂತ ಓಡಿದ ಒಬ್ಬ.
ಮಾಲೀಕ ಆಟೋದ ಬಾಡಿಗೆ ಎರಡು ಸಲ ಎಣಿಸಿ ಕೊಟ್ಟ.

ದವಾಖಾನೆಯಲ್ಲೂ ಅದೇ ಮಾತು, ದೊಡ್ಡ ಹೆಸರಿನಲ್ಲಿ.
ಹೆಪ್ಪು ಕರಗಿಸುವ ಮದ್ದು ಸಿರಿಂಜಿಗೆ ಏರಿತ್ತು,
ಗಡಿಯಾರ ನೋಡುತ್ತಿದ್ದರು ಎಲ್ಲರೂ.
ಬಲಗೈಗೆ ಸಲೈನು ಇತ್ತೆಂದು ನರ್ಸು
ಬೀಪಿ ಪಟ್ಟಿ ಎಡಗೈಗೆ ಕಟ್ಟಿದಳು.
ತೊಂಬತ್ತು.
ಬಲಗೈಗೆ ಆಗಲೇ ನೂರೆಪ್ಪತ್ತು ಬರೆದಿತ್ತು.
ಮಷೀನು ಕೆಟ್ಟಿತೆಂದು ಬೇರೆ ತಂದಳು. ತೊಂಬತ್ತೇ.

"ಮೊದಲು ನೋವು ಅಂದ್ರಾ?" ಡಾಕ್ಟರು ತಿರುಗಿದರು.
ಅಲ್ಲಿಯವರೆಗೆ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ.
"ಬೆನ್ನಾಗ ಹರೀತು ಅಂದ್ರು. ಹಂಗಽ ಅಂದ್ರು."
ಅವನ ನಾಲಿಗೆಯಿಂದ ಹೋದ ಮಾತು
ನನ್ನ ನಾಲಿಗೆಯಲ್ಲಿ ಉಳಿದಿತ್ತು.
ಸಿರಿಂಜು ಟ್ರೇಯಲ್ಲಿ ಟಣ್ಣೆಂದಿತು.

ಆಮೇಲೆ ಚೀಟಿಯ ಹಿಂದೆ ಚಿತ್ರ ಬರೆದು ಹೇಳಿದರು:
ಎದೆಯಿಂದ ಹೊರಡುವ ದೊಡ್ಡ ನಾಳದ ಒಳಪದರ ಹರಿದಿದೆ,
ರಕ್ತ ಪದರಗಳ ನಡುವೆ ನುಗ್ಗಿ
ತಲೆಗೆ ಹೋಗುವ ಕವಲನ್ನು ಅದುಮಿದೆ.
ಆ ಮದ್ದು ಕೊಟ್ಟಿದ್ದರೆ...
ಮುಗಿಸಲಿಲ್ಲ. ನನಗೂ ಬೇಕಿರಲಿಲ್ಲ.

ಅಪ್ಪನ ಹಳೇ ಕೋಟು ನೆನಪಾಯಿತು.
ಒಳಜೇಬಿನ ಮೂಲೆ ಹರಿದು
ನಾಲ್ಕಾಣೆ ಅಸ್ತರಿನೊಳಗೆ ಇಳಿಯಿತು.
ಹೊರಗಿನಿಂದ ಮುಟ್ಟಿದರೆ ಸಿಗುತ್ತದೆ,
ಕೈ ಹಾಕಿದರೆ ಇಲ್ಲ.

ರಾತ್ರೋರಾತ್ರಿ ಆಂಬುಲೆನ್ಸು, ಎಂಟು ತಾಸಿನ ಆಪರೇಷನ್ನು,
ಅವೆಲ್ಲ ಅವನ ಹೆಂಡತಿ ಈರಮ್ಮ ಹೇಳಿದ್ದು.

ಐದು ತಿಂಗಳಿಗೆ ಶೆಡ್ಡಿಗೆ ಬಂದ, ಕೋಲೂರಿ.
ನೂಲುಂಡೆ ಎತ್ತಿ ತೋರಿಸಿದೆ: ಇದೇನು?
ನಕ್ಕ. ಗುಂಡಿ, ಕತ್ತರಿ, ಟೇಪು...
ನಕ್ಕ, ಅಷ್ಟೇ. ಕಣ್ಣಲ್ಲಿ ನೀರು ತಂದುಕೊಂಡ.
ಸೂಜಿ ಹಿಡಿದೆ.
ಎಷ್ಟೋ ಹೊತ್ತಿಗೆ, ಎತ್ತಲಿಂದಲೋ,
"ಸೂದಿ" ಅಂದ.
ಅವರವ್ವನ ತೆಲುಗು.
ತಿದ್ದಲಿಲ್ಲ ನಾನು.

ಈಗ ಜೇಬಿನ ಮೂಲೆಗೆ ಎರಡು ಸಲ ಹೊಲಿಗೆ ಹಾಕುತ್ತೇನೆ.
ನೂಲು ದಂಡ ಅಂತಾನೆ ಮಾಲೀಕ,
ಶನಿವಾರದ ಕೂಲಿಯಲ್ಲಿ ಮುರಿದುಕೊಳ್ಳುತ್ತಾನೆ.