ಮುಂದಿನ ಪರೀಕ್ಷೆಯ ತಿಂಗಳು

ಗೋಣಿಕೊಪ್ಪದಲ್ಲಿ ನಾನು ಗ್ಯಾಸು ಹಾಕುವವನು.
ದಿನಕ್ಕೆ ಅರವತ್ತು ಬಾಗಿಲು. ಬಾಗಿಲಿಗೊಂದು ಅಭಿಪ್ರಾಯ.

'ನಮ್ಮ ಭಾವ ಐದು ವರ್ಷಕ್ಕೆ ಬಾಯಿಬಿಟ್ಟದ್ದು,
ಈಗ ಪಟಾಲಮ್ಮಿನಲ್ಲಿ ಸುಬೇದಾರ್' – ಹಾತೂರಿನ ಅವ್ವ.
'ಬಜೆ ತೇಯ್ದು ನಾಲಿಗೆಗೆ ತಿಕ್ಕು' – ಕ್ವಾರ್ಟರ್ಸಿನ ಅಜ್ಜಿ.
'ಮೊಬೈಲು ಕೊಟ್ಟು ಕೂರಿಸಿರ್ತಾಳೆ ನಿನ್ನ ಹೆಂಡ್ತಿ'
ಅಂದ ಮೇಷ್ಟ್ರಿಗೆ ಚಿಲ್ಲರೆ ಕೊಡುವಾಗ
ಎರಡು ರೂಪಾಯಿ ಕಡಿಮೆ ಕೊಟ್ಟೆ. ಬೇಕೆಂದೇ.

ಎರಡೂವರೆ ವರ್ಷ. ಕರೆದರೆ ತಿರುಗುವುದಿಲ್ಲ.
ಆದರೆ ನನ್ನ ಪಿಕಪ್ಪು ಪೊನ್ನಂಪೇಟೆ ರಸ್ತೆಯ ತಿರುವಿನಲ್ಲಿರುವಾಗಲೇ
ಖಾಲಿ ಸಿಲಿಂಡರ್ ಒಂದಕ್ಕೊಂದು ತಾಗುವ ಠಣ್ಣಿಗೆ
ಊಟದ ತಟ್ಟೆ ಬಿಟ್ಟೆದ್ದು
ಗೇಟಿನ ಸರಳಿಗೆ ಕೆನ್ನೆ ಒತ್ತಿ ನಿಲ್ಲುತ್ತಾನೆ.
ಕಿವಿ ಇದೆ, ಅಂದೆ.
'ಇರೋದು ನಂಗೂ ಗೊತ್ತು. ಬಸ್ಸು ಎಷ್ಟು ಹೊತ್ತಿಗೆ?'
ಅಂದಳು ಪ್ರಸೀನಾ.
ಅಂಗನವಾಡಿ ಟೀಚರ್ ಬರೆದುಕೊಟ್ಟ ಚೀಟಿ
ಅವಳ ಪರ್ಸಿನಲ್ಲಿ ನಾಲ್ಕು ತಿಂಗಳಿಂದ ಮಡಿಕೆಯಲ್ಲೇ ಹರಿಯುತ್ತಿತ್ತು.
ಆಗಲಿ, ನೋಡೋಣ ಅಂದವನು ನಾನೇ.

ಮೂರ್ನಾಡು ದಾಟುವ ತನಕ ನಿದ್ದೆ ಮಾಡಿದ.
ಮಡಿಕೇರಿ ಆಸ್ಪತ್ರೆ, ಹಿಂದಿನ ಕಟ್ಟಡ, ಟೋಕನ್ ಹದಿನೇಳು.
'ಯಶವಂತ್! ಯಶವಂತ್!' – ಸಿಸ್ಟರ್ ಕೂಗಿದರು.
ಅವನು ತಿರುಗಲಿಲ್ಲ. ಅವರು ಏನೋ ಬರೆದುಕೊಂಡರು.
ಜಶ್ವಿತ್, ಸಿಸ್ಟರ್, ಅಂದೆ.
ಹೆಸರು ತಿದ್ದಿದರು. ಇನ್ನೊಂದನ್ನು ತಿದ್ದಿದರೋ ಇಲ್ಲವೋ.

'ಮನೆಯಲ್ಲಿ ಯಾವ ಭಾಷೆ?'
ನಂದು ತುಳು, ಅವಳದು ಮಲಯಾಳ,
ಅಂಗನವಾಡಿ ಕನ್ನಡ, ಮನೆ ಓನರ್ ಕೊಡವ ತಕ್ಕ್.
ಮೇಡಂ ಪೆನ್ನು ನಿಂತಿತು. ಬರೆಯಲು ಇದ್ದದ್ದು ಒಂದೇ ಗೆರೆ.
'ನಾಲ್ಕರಲ್ಲೂ ಸುಮ್ಮನಿರ್ತಾನೆ' ಅಂದು ನಕ್ಕಳು ಪ್ರಸೀನಾ.
ಆಮೇಲೆ ಅದು ನಗುವಾಗಿ ಉಳಿಯಲಿಲ್ಲ.

ಪ್ರಶ್ನೆ ಇಪ್ಪತ್ತು. ಹೌದು ಅಥವಾ ಇಲ್ಲ.
ಬೆರಳು ಮಾಡಿ ತೋರಿಸುತ್ತಾನಾ?
ನೀವು ನೋಡಿದ ಕಡೆ ನೋಡುತ್ತಾನಾ?
ಕೇಳಿದವರ ಬಾಗಿಲಲ್ಲಿ ಸಿಲಿಂಡರನ್ನು ಕೊಕ್ಕೆಗೆ ಸಿಕ್ಕಿಸಿ
ಮುಳ್ಳು ನಿಲ್ಲುವ ತನಕ ಕೈ ತಾಗಿಸದೆ ನಿಲ್ಲುವವನು ನಾನು.
ಇಲ್ಲಿ ಅಡಿಯಿಂದ ಒಂದು ಬೆರಳು ಕೊಟ್ಟರೆ ಯಾರಿಗೆ ನಷ್ಟ?
'ಕೆಲವೊಮ್ಮೆ' ಅಂದೆ.
'ಇಲ್ಲ' ಅಂದಳು ಪ್ರಸೀನಾ.
ಮೇಡಂ ಅವಳದ್ದನ್ನು ಬರೆದರು.

ಬಿಗಿ ಮುಚ್ಚಳದ ಡಬ್ಬಿಯಲ್ಲಿ ಬಿಸ್ಕತ್ತು ಹಾಕಿ ಮುಂದಿಟ್ಟರು,
ಕೇಳುತ್ತಾನಾ ನೋಡಲು.
ತಿರುಗಿಸಿದ. ಕುಲುಕಿದ. ಸದ್ದನ್ನು ಕಿವಿಗೆ ಹಿಡಿದ,
ಅದೇ ಬೇಕಿತ್ತೇನೋ ಅನ್ನುವಷ್ಟು ಹೊತ್ತು.
ಆಮೇಲೆ ಬಂದು, ನನ್ನ ಮುಖ ನೋಡದೆ,
ಮಣಿಕಟ್ಟು ಹಿಡಿದು ನನ್ನ ಕೈಯನ್ನು
ಸ್ಪ್ಯಾನರ್ ಇಡುವ ಹಾಗೆ
ಮುಚ್ಚಳದ ಮೇಲಿಟ್ಟ.
ಕೇಳಿದನಲ್ಲ ಮೇಡಂ!
'ಕೈಯನ್ನು ಕೇಳಿದ, ನಿಮ್ಮನ್ನಲ್ಲ' ಅಂದರು.
ಬೈಯುವ ದನಿಯಲ್ಲ. 'ಅಲ್ಲಿಂದಲೇ ಶುರು ಮಾಡೋಣ.'

ಚೀಟಿಯಲ್ಲಿ ಮೊದಲು ಒಂದು ಪ್ರಶ್ನೆಯ ಕೊಕ್ಕೆ,
ಅದರ ಬೆನ್ನಿಗೆ ಮೂರು ಇಂಗ್ಲಿಷ್ ಅಕ್ಷರ.
ಈಗಲೇ ಆಟಿಸಂ ಅನ್ನುವುದಿಲ್ಲ, ಬೆಳವಣಿಗೆ ನಿಧಾನ ಅಂತಿರಲಿ.
ಕಿವಿಗೆ ಮೈಸೂರು. ವಾರಕ್ಕೆರಡು ದಿನ ಇಲ್ಲಿ.
ಆರು ತಿಂಗಳಿಗೆ ಮತ್ತೆ ಇವೇ ಪ್ರಶ್ನೆ.
ಪ್ರತಿ ಸಿಲಿಂಡರಿನ ಕೊರಳಲ್ಲೂ
ಮುಂದಿನ ಪರೀಕ್ಷೆ ಯಾವಾಗ ಅಂತ ಬಣ್ಣದಲ್ಲಿ ಬರೆದಿರುತ್ತದೆ.
ಹನ್ನೆರಡು ವರ್ಷ ಹೆಗಲಲ್ಲಿ ಹೊತ್ತೆ,
ಗಿರಾಕಿಗೆ ಓದಿ ಹೇಳಿದ್ದೇನೆ,
ಆ ತಿಂಗಳಿಗಾಗಿ ಎಂದೂ ಕಾದವನಲ್ಲ.

ವಾಪಸು ಬಸ್ಸು, ಮೇಕೇರಿ ಇಳಿಜಾರು.
ನನ್ನ ಕೈ ಎತ್ತಿ ಕಿಟಕಿಯ ಚಿಲಕದ ಮೇಲಿಟ್ಟ.
ತೆರೆಯಲಿಲ್ಲ.
ಮೇಡಂ ಹೇಳಿಕೊಟ್ಟ ಹಾಗೆ ಬಗ್ಗಿ
ಅವನ ಮುಖದ ಸಮಕ್ಕೆ ನನ್ನ ಮುಖ ತಂದು ಎಣಿಸಿದೆ.
ನನ್ನ ಕಿವಿ ನೋಡಿದ. ಅಂಗಿಯ ಗುಂಡಿ ನೋಡಿದ.
ಆಮೇಲೆ ಕಿರುಚಲು ಶುರುಮಾಡಿದ.
ಮುಂದಿನ ಸೀಟಿನ ಹೆಂಗಸು ತಿರುಗಿ, 'ಹಸಿವೇನೋ ಪಾಪ.'
ಹತ್ತರ ತನಕ ಎಣಿಸಲು ಹೇಳಿದ್ದರು.
ಆರಕ್ಕೇ ತೆರೆದುಬಿಟ್ಟೆ.

ಚಳಿಗಾಳಿ ನುಗ್ಗಿತು. ಪ್ರಸೀನಾ ಶಾಲು ಎಳೆದುಕೊಂಡಳು.
ಬೈಯುತ್ತಾಳೆ ಅಂದುಕೊಂಡೆ.
'ನಾಳೆ ಏಳು' ಅಂದಳು.